ಮಾರ್ಮನ್ ಗ್ರಂಥವನ್ನು ಆಳವಾಗಿ ಓದುವುದು: ನಿಮಗೆ ಯಾವ ದಾರಿ ಒಗ್ಗುತ್ತದೆ?

“ಸಿಸ್ಟರ್, ಎರಡು ಸಲ ಮೊದಲಿಂದ ಕೊನೆವರೆಗೆ ಓದಿದ್ದೀನಿ. ಕಥೆ ಗೊತ್ತು, ಹೆಸರುಗಳೂ ಗೊತ್ತು. ಆದ್ರೆ ಒಳಗೆ ಏನೂ ನಿಂತಿಲ್ಲ. ಮೂರನೇ ಸಲ ಓದ್ಲಾ, ಇಲ್ಲ ಬೇರೆ ಥರ ಓದ್ಲಾ?”

ಭಾನುವಾರದ ಸಭೆ ಮುಗಿದ ಮೇಲೆ, ಚಪ್ಪಲಿ ಹಾಕಿಕೊಳ್ಳುತ್ತಾ, ಮಕ್ಕಳನ್ನು ಕರೆಯುತ್ತಾ, ಈ ಪ್ರಶ್ನೆಯನ್ನು ಬೇರೆ ಬೇರೆಯವರು ನನ್ನ ಹತ್ತಿರ ಕೇಳಿದ್ದಾರೆ. ಮಾರ್ಮನ್ ಗ್ರಂಥ ಎಂದರೆ ನಮ್ಮ ಸಭೆ, ಅಂದರೆ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್, ಬೈಬಲಿನ ಜೊತೆಗೆ ಪವಿತ್ರವೆಂದು ಓದುವ ಪುಸ್ತಕ. ಅವರಿಗೆ ಸಲಹೆಗೆ ಬರ ಇರುವುದಿಲ್ಲ. ಒಬ್ಬರು ಬಣ್ಣದ ಪೆನ್ಸಿಲ್ ತಗೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು ದಿನಕ್ಕೊಂದು ಅಧ್ಯಾಯ ಅಂತಾರೆ. ಮತ್ತೊಬ್ಬರು ವಿಷಯ ಹಿಡಿದು ಓದಿ ಎನ್ನುತ್ತಾರೆ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿ ಹದಿನೈದೇ ದಿನಕ್ಕೆ ಸುಸ್ತಾಗಿ ಬಿಟ್ಟವರನ್ನು ನೋಡಿದ್ದೇನೆ. ನಾನು ಈ ದಾರಿಗಳನ್ನು ಒಂದೊಂದಾಗಿ, ತಿಂಗಳುಗಟ್ಟಲೆ ನಡೆದು ನೋಡಿದ್ದೇನೆ. ಯಾವುದು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅಂತ ಇಲ್ಲಿ ಬರೆಯುತ್ತೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಈ ಗ್ರಂಥವನ್ನು ದೇವರ ಮಾತು ಎಂದು ನಂಬಿ ಓದುವವಳು. ನಮ್ಮ ಸಭೆಯ ಹೊರಗಿನ ವಿದ್ವಾಂಸರು ಇದನ್ನು ಪ್ರಾಚೀನ ದಾಖಲೆ ಎಂದು ಒಪ್ಪುವುದಿಲ್ಲ, 19ನೇ ಶತಮಾನದ ಅಮೆರಿಕದ ಕೃತಿಯಾಗಿ ನೋಡುತ್ತಾರೆ. ನೀವು ಕುತೂಹಲಕ್ಕೆ ಓದುವವರಾದರೂ ಕೆಳಗಿನ ದಾರಿಗಳು ಕೆಲಸಕ್ಕೆ ಬರುತ್ತವೆ. ಆದರೆ ನಾನು ಬರೆಯುತ್ತಿರುವುದು ಮುಖ್ಯವಾಗಿ ನಂಬಿಕೆಯಿಂದ ಓದಿಯೂ ಬರಿಗೈಯಲ್ಲಿ ಎದ್ದು ಬಂದವರಿಗೆ.

ಯಾವುದರಿಂದ ಅಳೆಯಬೇಕು

ದಾರಿ ಆರಿಸುವ ಮೊದಲು ನಿಮ್ಮನ್ನೇ ಕೆಲವು ಪ್ರಶ್ನೆ ಕೇಳಿಕೊಳ್ಳಿ.

ದಿನಕ್ಕೆ ನಿಜವಾಗಿ ಎಷ್ಟು ಹೊತ್ತು ಸಿಗುತ್ತದೆ? ಸಿಗಬೇಕು ಎಂದು ಆಸೆಪಡುವಷ್ಟಲ್ಲ, ಸಿಗುವಷ್ಟು. ಬೆಳಿಗ್ಗೆ ಡಬ್ಬಿ ಕಟ್ಟಿ ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸುವ ಮನೆಯಲ್ಲಿ ಹದಿನೈದು ನಿಮಿಷ ಸಿಕ್ಕರೆ ಅದೇ ದೊಡ್ಡದು.

ಓದಿನಿಂದ ನಿಮಗೆ ಬೇಕಾಗಿರುವುದು ಏನು? ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಇಡೀ ಕಥೆಯ ಹಿಡಿತ ಬೇಕಾ? ಒಂದು ಪ್ರಶ್ನೆಗೆ ಉತ್ತರ ಬೇಕಾ? ಕಷ್ಟದ ದಿನಕ್ಕೆ ಆಸರೆ ಬೇಕಾ? ಇಲ್ಲ, ಮಕ್ಕಳಿಗೆ ಹೇಳಿಕೊಡಬೇಕಾ? ನಾಲ್ಕೂ ಬೇರೆ ಬೇರೆ ಹಸಿವು. ಒಂದೇ ಅಡುಗೆ ನಾಲ್ಕಕ್ಕೂ ಸಾಲುವುದಿಲ್ಲ.

ಗ್ರಂಥದ ಇಂಗ್ಲಿಷ್ ಎಷ್ಟು ಸಲೀಸು? ನಮ್ಮ ಸಭೆಯನ್ನು ಸ್ಥಾಪಿಸಿದ ಜೋಸೆಫ್ ಸ್ಮಿತ್ ಇದನ್ನು ಹೇಳಿ ಬರೆಸಿದ್ದು 1829ರಲ್ಲಿ. ಮಾತಿನ ಧಾಟಿ ಅದಕ್ಕಿಂತಲೂ ಹಳೆಯದು, ಕಿಂಗ್ ಜೇಮ್ಸ್ ಬೈಬಲಿನದು. ನನ್ನಂತೆ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಯೋಚಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಒಬ್ಬರೇ ಓದುತ್ತೀರಾ, ಮನೆಯವರ ಜೊತೆಗಾ? ಕೈಯಲ್ಲಿ ಎಷ್ಟು ದುಡ್ಡಿದೆ? ಮೂರು ತಿಂಗಳಾದ ಮೇಲೂ ನೀವು ಈ ದಾರಿಯಲ್ಲೇ ಇರುತ್ತೀರಾ?

ದುಡ್ಡಿನ ಮಾತು ಇಲ್ಲೇ ಮುಗಿಸುತ್ತೇನೆ. ಮಿಷನರಿಗಳು ಪುಸ್ತಕವನ್ನು ಉಚಿತವಾಗಿಯೇ ಕೊಡುತ್ತಾರೆ. ಗಾಸ್ಪೆಲ್ ಲೈಬ್ರರಿ ಆ್ಯಪ್ ಕೂಡ ಉಚಿತ, ಅದರಲ್ಲಿ ಹುಡುಕಬಹುದು, ಗುರುತು ಹಾಕಬಹುದು, ಟಿಪ್ಪಣಿ ಬರೆಯಬಹುದು, ಓದಿಸಿಕೊಂಡು ಕೇಳಬಹುದು. ಇನ್ನು ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ನು. ಖರ್ಚು ಶುರುವಾಗುವುದು ಅಧ್ಯಯನ ಆವೃತ್ತಿಗಳನ್ನು ಹೊರದೇಶದಿಂದ ತರಿಸಿಕೊಂಡಾಗ ಮಾತ್ರ. ಆ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲಿಂದ ಕೊನೆವರೆಗೆ, ಬೇಗ ಬೇಗ

ಇಂಗ್ಲಿಷ್ ಪ್ರತಿ 531 ಪುಟ. 15 ಪುಸ್ತಕ, 239 ಅಧ್ಯಾಯ. ದಿನಕ್ಕೆ ಒಂದು ಅಧ್ಯಾಯ ಎಂದರೆ ಸುಮಾರು ಎಂಟು ತಿಂಗಳು. ದಿನಕ್ಕೆ ಆರು ಪುಟ ಎಂದರೆ ಮೂರು ತಿಂಗಳು. 2005ರ ಆಗಸ್ಟಿನಲ್ಲಿ, ಆಗ ಸಭೆಯ ಅಧ್ಯಕ್ಷರಾಗಿದ್ದ ಗಾರ್ಡನ್ ಹಿಂಕ್ಲಿ, ವರ್ಷ ಮುಗಿಯುವುದರೊಳಗೆ ಗ್ರಂಥವನ್ನು ಪೂರ್ತಿ ಓದಿ ಎಂದು ಸಭೆಯ ಎಲ್ಲರನ್ನೂ ಕೇಳಿಕೊಂಡಿದ್ದರು. ಆಗ ಓಡೋಡಿ ಓದಿ ಮುಗಿಸಿದವರು ಆ ನಾಲ್ಕು ತಿಂಗಳನ್ನು ಈಗಲೂ ನೆನೆಯುತ್ತಾರೆ.

ಇದರಿಂದ ಸಿಗುವುದು ಕಥೆಯ ಓಟ. ಯೆರೂಸಲೇಮ್ ಬಿಟ್ಟು ಹೊರಟ ಒಂದು ಕುಟುಂಬ ಎರಡಾಗಿ ಒಡೆದು, ಎರಡು ಜನಾಂಗವಾಗಿ ಬೆಳೆದು, ಸಾವಿರ ವರ್ಷದ ಮೇಲೆ ಒಂದು ಪೂರ್ತಿ ನಾಶವಾಗುತ್ತದಲ್ಲ, ಆ ದುಃಖ ಮನಸ್ಸಿಗೆ ತಾಗಬೇಕಾದರೆ ಬೇಗ ಓದಬೇಕು. ನಿಧಾನಕ್ಕೆ ಓದಿದರೆ ಮೊದಲ ಪುಟಗಳ ಅಣ್ಣತಮ್ಮಂದಿರ ಜಗಳಕ್ಕೂ ಕೊನೆಯ ಯುದ್ಧಕ್ಕೂ ಇರುವ ನಂಟು ಕಣ್ಣಿಗೆ ಬೀಳುವುದಿಲ್ಲ.

ಸಿಗದೆ ಹೋಗುವುದು ಆಳ. ಗ್ರಂಥದ ಎರಡನೇ ಪುಸ್ತಕವಾದ ‘ಎರಡನೇ ನೀಫೈ’ಯಲ್ಲಿ ಬೈಬಲಿನ ಪ್ರವಾದಿ ಯೆಶಾಯನ ಅಧ್ಯಾಯಗಳು ಬಂದಾಗ ತುಂಬಾ ಜನ ನಿಂತುಬಿಡುತ್ತಾರೆ, ಇಲ್ಲವೇ ಸುಮ್ನೆ ಕಣ್ಣಾಡಿಸಿ ದಾಟುತ್ತಾರೆ. ಇನ್ನೂ ಒಂದು ಸಲವೂ ಪೂರ್ತಿ ಓದದವರಿಗೆ ಇದೇ ಸರಿಯಾದ ದಾರಿ. ಎರಡು ಮೂರು ಸಲ ಓದಿಯೂ ಏನೂ ನಿಂತಿಲ್ಲ ಎನ್ನುವವರು ಇದನ್ನೇ ಮತ್ತೆ ಮಾಡಬೇಡಿ. ಅದೇ ಬಸ್ಸಿನಲ್ಲಿ ಅದೇ ಕಿಟಕಿಯ ಪಕ್ಕ ಕೂತರೆ ಅದೇ ಊರುಗಳು ಕಾಣುತ್ತವೆ, ಅಲ್ವಾ?

ವಾರದ ಪಾಠದ ಜೊತೆ

2019ರಿಂದ ಸಭೆ ಮನೆಯಲ್ಲೇ ಓದುವುದಕ್ಕೆ ವಾರವಾರದ ಪಾಠಕ್ರಮ ಕೊಡುತ್ತಿದೆ. ‘ಕಮ್, ಫಾಲೋ ಮೀ’ ಅಂತ ಅದರ ಹೆಸರು. ನಾಲ್ಕು ವರ್ಷಕ್ಕೊಂದು ಸುತ್ತು. ಮಾರ್ಮನ್ ಗ್ರಂಥದ ಸರದಿ ಬಂದದ್ದು 2020ರಲ್ಲಿ ಮತ್ತು 2024ರಲ್ಲಿ. ಮನೆಯಲ್ಲಿ ಮಕ್ಕಳಿದ್ದರೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಎಲ್ಲರೂ ಒಂದೇ ಪುಟದಲ್ಲಿ ಇರುತ್ತಾರೆ. ಭಾನುವಾರದ ತರಗತಿಯಲ್ಲಿ ಮಾತು ಕೂಡುತ್ತದೆ.

ನಮ್ಮ ಮನೆಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಂಡೆವು. ಗಮಕದಲ್ಲಿ ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರಲ್ಲ, ಹಾಗೆ. ಮಗಳು ನಾಲ್ಕು ವಚನ ಗಟ್ಟಿಯಾಗಿ ಓದುತ್ತಾಳೆ, ನಾನೋ ಅವರಪ್ಪನೋ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತೇವೆ. ಮರುದಿನ ಸರದಿ ತಿರುಗುತ್ತದೆ. ಅವಳು ಹೇಳಬೇಕಾಗಿ ಬಂದ ದಿನವೇ ಅವಳಿಗೆ ನಿಜವಾಗಿ ಅರ್ಥವಾಗುವುದು.

ಇದರ ಕೊರತೆಯೂ ಇದೆ. ವಾರಕ್ಕೆ ನಾಲ್ಕೈದು ಅಧ್ಯಾಯ ಎಂದು ಗೊತ್ತುಮಾಡಿದ ಮೇಲೆ, ಒಂದು ವಚನ ನಿಮ್ಮನ್ನು ಹಿಡಿದು ನಿಲ್ಲಿಸಿದರೂ ನಿಲ್ಲುವುದಕ್ಕೆ ಬಿಡುವಿಲ್ಲ. ಒಂಟಿಯಾಗಿ ಓದುವವರಿಗೆ ಇದು ಒಮ್ಮೊಮ್ಮೆ ಹೋಮ್‌ವರ್ಕ್ ಥರ ಆಗಿಬಿಡುತ್ತದೆ. ಹಾಗಾದರೆ ಮನೆಯವರ ಜೊತೆ ಇದನ್ನು ಇಟ್ಟುಕೊಳ್ಳಿ, ನಿಮ್ಮ ಸ್ವಂತ ಓದಿಗೆ ಬೇರೆಯದನ್ನು ಆರಿಸಿ. ಎರಡೂ ಒಂದೇ ಆಗಬೇಕು ಎಂದು ಯಾರೂ ಹೇಳಿಲ್ಲ.

ಒಂದು ಪ್ರಶ್ನೆ ಹಿಡಿದು ಹುಡುಕುವುದು

ಮನಸ್ಸಿನಲ್ಲಿ ಏನೋ ಕೊರೆಯುತ್ತಿದೆ. ಕ್ಷಮಿಸುವುದು ಹೇಗೆ, ಪ್ರಾರ್ಥನೆಗೆ ಉತ್ತರ ಯಾಕೆ ತಡ, ದುಃಖದ ನಡುವೆ ಸಂತೋಷ ಹೇಗೆ. ಆ ಪದವನ್ನು ಆ್ಯಪ್‌ನಲ್ಲಿ ಹುಡುಕಿ, ಬಂದ ವಚನಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿ ಓದುವುದು ಈ ದಾರಿ. ಅಡಿಟಿಪ್ಪಣಿಗಳು, ವಿಷಯಸೂಚಿ ಎಲ್ಲವೂ ಇದಕ್ಕೆ ನೆರವಾಗುತ್ತವೆ. ಹದಿನೈದು ನಿಮಿಷ ಸಾಕು. ಕಷ್ಟದಲ್ಲಿರುವವರಿಗೆ, ಭಾನುವಾರ ಸಭೆಯಲ್ಲಿ ಮಾತಾಡಬೇಕಾದವರಿಗೆ ಇದು ಬೇಗ ಫಲ ಕೊಡುತ್ತದೆ.

ಆದರೆ ಇದರಲ್ಲಿ ಒಂದು ಅಪಾಯವಿದೆ. ವಚನ ತನ್ನ ಮನೆಯಿಂದ ಕಿತ್ತು ಬಂದುಬಿಡುತ್ತದೆ. ಎರಡನೇ ನೀಫೈ 2:25 ನೋಡಿ. ಮನುಷ್ಯರು ಇರುವುದೇ ಆನಂದ ಪಡುವುದಕ್ಕೆ ಎನ್ನುವ ಅರ್ಥದ ವಚನ. ಗೋಡೆಗೆ ತೂಗುಹಾಕುವ ಫಲಕದ ಮೇಲೆಲ್ಲ ಇರುತ್ತದೆ. ಬರೀ ಅದನ್ನೇ ಓದಿದರೆ ಹಾಯಾಗಿರುವವನ ಮಾತಿನ ಹಾಗೆ ಕೇಳುತ್ತದೆ. ಈಗ ಅದೇ ಅಧ್ಯಾಯದ ಮೊದಲ ವಚನಕ್ಕೆ ಹೋಗಿ. ಹೇಳುತ್ತಿರುವವನು ಸಾವಿಗೆ ಹತ್ತಿರವಾದ ಮುದುಕ ಲೀಹೈ, ಯೆರೂಸಲೇಮ್ ಬಿಟ್ಟು ಹೊರಟ ಆ ಕುಟುಂಬದ ಯಜಮಾನ. ಕೇಳುತ್ತಿರುವವನು ಮಗ ಯಾಕೋಬ. ಈ ಹುಡುಗ ಹುಟ್ಟಿದ್ದೇ ಕಾಡಿನ ದಾರಿಯಲ್ಲಿ, ಕಷ್ಟದ ದಿನಗಳಲ್ಲಿ. ಅಣ್ಣಂದಿರ ಒರಟುತನದಿಂದ ನೊಂದು ಬೆಳೆದವನು. ಒಂದು ದಿನವೂ ನೆಮ್ಮದಿ ಕಾಣದ ಮಗನಿಗೆ, ಇನ್ನು ಹೆಚ್ಚು ದಿನ ಇರದ ಅಪ್ಪ ಹೇಳುತ್ತಾನೆ, ನೀನು ಹುಟ್ಟಿದ್ದು ಆನಂದಕ್ಕೆ ಮಗನೇ ಎಂದು. ಈಗ ಆ ವಚನ ಬೇರೆಯೇ ಆಯಿತು.

ಆದ್ದರಿಂದ ವಿಷಯ ಹಿಡಿದು ಓದುವವರಿಗೆ ನಾನು ಹೇಳುವ ಷರತ್ತು ಒಂದೇ. ಸಿಕ್ಕ ಪ್ರತಿ ವಚನಕ್ಕೂ ಅಧ್ಯಾಯದ ಆರಂಭಕ್ಕೆ ಹೋಗಿ, ಯಾರು ಯಾರಿಗೆ ಹೇಳಿದ್ದು ಅಂತ ಬರೆದುಕೊಳ್ಳಿ. ಇಪ್ಪತ್ತು ವಚನ ಗುಡ್ಡೆ ಹಾಕುವ ಬದಲು ಐದು ಸಾಕು.

ಒಂದೇ ವಚನದ ಹತ್ತಿರ ಕೂರುವುದು

ನನ್ನ ಓದನ್ನು ಬದಲಿಸಿದ್ದು ಈ ದಾರಿ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಇದರಲ್ಲಿ ಅಧ್ಯಾಯದ ಲೆಕ್ಕ ಇಲ್ಲ. ಒಂದು ವಚನ, ಕೆಲವು ಸಲ ಒಂದೇ ಪದ, ಮೂರು ದಿನವೋ ಒಂದು ವಾರವೋ. ಬೇಕಾದ ಸಾಧನ ಒಂದೇ, ಒಳ್ಳೆಯ ನಿಘಂಟು. ನೋವಾ ವೆಬ್‌ಸ್ಟರ್ ಅವರ 1828ರ ನಿಘಂಟು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಗ್ರಂಥವನ್ನು ಬರೆಸಿದ್ದು ಅದರ ಮರುವರ್ಷ. ಹಾಗಾಗಿ ಆ ಕಾಲದ ಅಮೆರಿಕದಲ್ಲಿ ಒಂದು ಪದಕ್ಕೆ ಏನು ಅರ್ಥವಿತ್ತು ಎಂದು ತಿಳಿಯಲು ಅದಕ್ಕಿಂತ ಹತ್ತಿರದ್ದು ಸಿಗುವುದು ಕಷ್ಟ.

ಗ್ರಂಥದೊಳಗಿನ ಆಲ್ಮ ಪುಸ್ತಕದ 7:12 ತೆಗೆದುಕೊಳ್ಳಿ. ಕ್ರಿಸ್ತನು ಜನರ ಬಲಹೀನತೆಗಳನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ, ತನ್ನ ಜನರನ್ನು ‘ಸಕ್ಕರ್’ (succor) ಮಾಡುವುದು ಹೇಗೆಂದು ಶರೀರದಲ್ಲೇ ಅನುಭವಿಸಿ ತಿಳಿಯುವುದಕ್ಕೆ. ಕನ್ನಡದ ಕಿವಿಗೆ ಸಕ್ಕರೆ ಎಂದ ಹಾಗಿರುವ ಈ ಪದವನ್ನು ನಾನು ವರ್ಷಗಟ್ಟಲೆ ‘ಸಹಾಯ’ ಎಂದುಕೊಂಡು ದಾಟಿ ಹೋಗಿದ್ದೆ. ಒಂದು ದಿನ ವೆಬ್‌ಸ್ಟರ್ ತೆರೆದೆ. ಮೊದಲ ಅರ್ಥವೇ, ಅಕ್ಷರಶಃ ‘ಓಡಿ ಹೋಗುವುದು, ಆಸರೆಯಾಗಲು ಓಡುವುದು’ ಎಂದಿತ್ತು. ಸಹಾಯ ಎನ್ನುವುದು ಅದರಿಂದ ಬಂದ ಅರ್ಥ.

ಆಗ ಅಮ್ಮ ಆಸ್ಪತ್ರೆಯಲ್ಲಿದ್ದರು. ರಾತ್ರಿಯೆಲ್ಲ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನೊಬ್ಬಳೇ. ತಮ್ಮ ಹಾಸನದಿಂದ ಕೊನೆಯ ಬಸ್ಸು ಹಿಡಿದು ಹೊರಟಿದ್ದ. ಬೆಳಗಿನ ಜಾವ ಮೆಟ್ಟಿಲ ಮೇಲೆ ದಡದಡ ಸದ್ದು ಕೇಳಿತು. ಲಿಫ್ಟಿಗೆ ಕಾಯದೆ ಮೂರು ಮಹಡಿ ಓಡಿ ಹತ್ತಿದ್ದ. ಉಸಿರು ಬಿಡುವುದಕ್ಕೂ ಆಗದೆ ನನ್ನ ಹೆಗಲ ಮೇಲೆ ಕೈ ಇಟ್ಟು ನಿಂತ. ಏನೂ ಮಾತಾಡಲಿಲ್ಲ. ಆ ವಚನದ ಪದ ನನಗೆ ಅರ್ಥವಾಗಿದ್ದು ಆಗ. ಎಲ್ಲೋ ದೂರ ಕೂತು ನೆರವು ಕಳಿಸುವವನಲ್ಲ, ಓಡಿ ಬರುವವನು. ಹೇಗೆ ಬರಬೇಕೆಂದು ತಾನೇ ನೋವುಂಡು ಕಲಿತವನು. ‘ಓಡಿ ಬಂದು ಕೈಹಿಡಿಯುವುದು’ ಎಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಇವತ್ತಿಗೂ ಆ ವಚನ ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

ಇಂಗ್ಲಿಷ್ ಕಷ್ಟ ಎನ್ನುವವರಿಗೆ ಈ ದಾರಿ ಆಗಿಬರುವುದಿಲ್ಲ ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ನನ್ನ ಅನುಭವ ಅದಕ್ಕೆ ತಿರುಗುಮುರುಗು. ಸಲೀಸಾಗಿ ಇಂಗ್ಲಿಷ್ ಓದುವವರು ಪದಗಳ ಮೇಲೆ ಜಾರಿಕೊಂಡು ಹೋಗುತ್ತಾರೆ. ನಮಗೆ ಪದ ತಡೆಯುತ್ತದೆ, ತಡೆದಲ್ಲಿ ನಿಲ್ಲುತ್ತೇವೆ, ಇದಕ್ಕೆ ಕನ್ನಡದಲ್ಲಿ ಏನನ್ನಬಹುದು ಎಂದು ಹುಡುಕುತ್ತೇವೆ. ಆ ಹುಡುಕಾಟವೇ ಅಧ್ಯಯನ.

ಇದು ಯಾರಿಗೆ ಬೇಡ? ಇನ್ನೂ ಕಥೆಯೇ ಗೊತ್ತಿಲ್ಲದವರಿಗೆ. ಹೇಳುತ್ತಿರುವವನು ಯಾರು, ಎಲ್ಲಿದ್ದಾನೆ ಅಂತ ಗೊತ್ತಿರದಿದ್ದರೆ ಒಂದು ಪದದ ಮೇಲೆ ಮನಸ್ಸಿಗೆ ಬಂದ ಅರ್ಥವನ್ನೆಲ್ಲ ಹೇರಿಬಿಡಬಹುದು. ಮತ್ತೆ, ಇದರಲ್ಲಿ ಪುಟ ಮುಂದೆ ಹೋಗುವುದಿಲ್ಲ. ವರ್ಷದಲ್ಲಿ ನಲವತ್ತು ವಚನ ಆದರೆ ಹೆಚ್ಚು. ಲೆಕ್ಕ ಇಟ್ಟು ಮುಗಿಸಿದರೇ ಸಮಾಧಾನ ಎನ್ನುವ ಸ್ವಭಾವದವರಿಗೆ ಇದು ಹಿಂಸೆ.

ಬರೆದವನ ಕೈ ಹುಡುಕುವುದು

ಇದು ಎರಡು ಮೂರು ಸಲ ಓದಿದವರಿಗೆ. ನನ್ನ ಎರಡನೇ ಆಯ್ಕೆ.

1830ರ ಮಾರ್ಚಿನಲ್ಲಿ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾದಲ್ಲಿ, ಗ್ರ್ಯಾಂಡಿನ್ ಅವರ ಮುದ್ರಣಾಲಯದಲ್ಲಿ 5,000 ಪ್ರತಿ ಅಚ್ಚಾದಾಗ ಗ್ರಂಥದಲ್ಲಿ ವಚನ ಸಂಖ್ಯೆಗಳೇ ಇರಲಿಲ್ಲ. ಉದ್ದುದ್ದ ಪ್ಯಾರಾಗಳಿದ್ದವು. ಈಗ 22 ಅಧ್ಯಾಯ ಇರುವ ಮೊದಲನೇ ನೀಫೈಯಲ್ಲಿ ಆಗ ಇದ್ದದ್ದು ಏಳೇ ಅಧ್ಯಾಯ. ಈಗಿನ ಅಧ್ಯಾಯ, ವಚನಗಳನ್ನು ಮಾಡಿದವರು ಆರ್ಸನ್ ಪ್ರ್ಯಾಟ್, 1879ರ ಆವೃತ್ತಿಯಲ್ಲಿ. ಹುಡುಕುವುದಕ್ಕೆ ಇದರಿಂದ ತುಂಬಾ ಅನುಕೂಲವಾಯಿತು. ಆದರೆ ಒಂದೇ ಉಸಿರಿನಲ್ಲಿ ಹೇಳಿದ ಮಾತು ತುಂಡು ತುಂಡಾಗಿ ಕಾಣತೊಡಗಿತು.

ಈ ದಾರಿಯಲ್ಲಿ ವಚನ ಸಂಖ್ಯೆ ಮರೆತು, ಯಾರು ಮಾತಾಡುತ್ತಿದ್ದಾರೆ ಎಂದು ಕೇಳುತ್ತಾ ಹೋಗಬೇಕು. ಲೀಹೈಯ ಮಗ ನೀಫೈ ತನ್ನ ಕಥೆ ತಾನೇ ಹೇಳುತ್ತಾನೆ. ಮೊಸಾಯ ಪುಸ್ತಕದಿಂದ ಮುಂದೆ ಬಹುಪಾಲು, ಆ ಜನಾಂಗದ ಕೊನೆಗಾಲದಲ್ಲಿದ್ದ ಮಾರ್ಮನ್ ಹಳೆಯ ದಾಖಲೆಗಳಿಂದ ಮಾಡಿದ ಸಂಕ್ಷೇಪ. ನೂರರಲ್ಲಿ ಒಂದು ಪಾಲನ್ನೂ ಬರೆಯಲಾಗದು ಎಂದು ಅವನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಾನೆ. ಹಾಗಿದ್ದ ಮೇಲೆ ಅವನು ಇಟ್ಟುಕೊಂಡ ಪ್ರತಿಯೊಂದೂ ಆರಿಸಿ ಇಟ್ಟದ್ದು. ಯಾಕೆ ಇದನ್ನೇ ಇಟ್ಟ?

ಆಲ್ಮ ಪುಸ್ತಕದ ಕೊನೆಯ ಕಡೆ ಇಪ್ಪತ್ತು ಅಧ್ಯಾಯ ಬರೀ ಯುದ್ಧ. ಬೇಗ ಓದುವಾಗ ನಾನು ಅದನ್ನು ಹಾರಿಸುತ್ತಿದ್ದೆ. ಆಮೇಲೆ ನೆನಪಾಯಿತು, ಮಾರ್ಮನ್ ಸ್ವತಃ ಹದಿನಾರನೇ ವರ್ಷಕ್ಕೇ ಸೇನೆಯ ಮುಂದಾಳಾದವನು. ತನ್ನ ಜನ ಸೋಲುತ್ತಿರುವಾಗ ಕೂತು, ಹಿಂದೆ ಒಬ್ಬ ಸೇನಾಪತಿ ಮೊರೋನೈ ಜನರನ್ನು ಉಳಿಸಿದ ಕಥೆಯನ್ನು ಬರೆಯುತ್ತಿದ್ದಾನೆ. ಎಲ್ಲರೂ ಮೊರೋನೈಯಂತೆ ಇದ್ದಿದ್ದರೆ ನರಕದ ಶಕ್ತಿಯೇ ನಡುಗಿಹೋಗುತ್ತಿತ್ತು ಎನ್ನುತ್ತಾನೆ. ತನ್ನ ಮಗನ ಹೆಸರೂ ಮೊರೋನೈ. ಆ ಸೇನಾಪತಿಯ ನೆನಪಿಗೇ ಇಟ್ಟನೆಂದು ಗ್ರಂಥ ಹೇಳುವುದಿಲ್ಲ, ಆದರೆ ನನಗೆ ಹಾಗೆ ಅನ್ನಿಸುತ್ತದೆ. ಹೀಗೆ ಓದಿದ ಮೇಲೆ ಆ ಯುದ್ಧದ ಪುಟಗಳಲ್ಲಿ ಒಬ್ಬ ಸೋತ ಸೇನಾಪತಿಯ ಎದೆಬಡಿತ ಕೇಳಿಸಿತು.

ಇದೇ ದಾರಿಯ ಇನ್ನೊಂದು ಕವಲು ಮಾತಿನ ಕಟ್ಟಡ ನೋಡುವುದು. ಜರ್ಮನಿಯಲ್ಲಿ ಮಿಷನರಿಯಾಗಿದ್ದ ಜಾನ್ ವೆಲ್ಚ್ 1967ರಲ್ಲಿ ಗ್ರಂಥದಲ್ಲಿ ಕಯಾಸ್ಮಸ್ ಎಂಬ ರಚನೆಯನ್ನು ಗುರುತಿಸಿದರು. ಬೆಟ್ಟದ ಮೆಟ್ಟಿಲು ಹತ್ತಿ, ಅದೇ ಮೆಟ್ಟಿಲಲ್ಲಿ ಇಳಿದು ಬಂದ ಹಾಗೆ ಮಾತು ಸಾಗುತ್ತದೆ. ಇದಕ್ಕೆ ಹೆಸರಾದದ್ದು ಆಲ್ಮ 36. ಮೊದಲ ವಚನದ ಮಾತೇ ಮೂವತ್ತನೇ ವಚನದಲ್ಲಿ ಮರಳುತ್ತದೆ. ನಟ್ಟನಡುವೆ, 17 ಮತ್ತು 18ರಲ್ಲಿ, ಯೇಸುವಿನ ಹೆಸರು ಹಿಡಿದು ಪ್ರವಾದಿ ಆಲ್ಮ ಕೂಗುತ್ತಾನೆ. ಅದಕ್ಕೆ ಮೊದಲು ಬರೀ ನೋವು, ಆಮೇಲೆ ಆನಂದ. 21ನೇ ವಚನದಲ್ಲಿ ನೋವಿನ ತೀವ್ರತೆಗೂ ಆನಂದದ ತೀವ್ರತೆಗೂ ಒಂದೇ ಪದ ಬಳಸುತ್ತಾನೆ. ಈ ಇಡೀ ರಚನೆ ಬೇಕೆಂದೇ ಮಾಡಿದ್ದಾ ಎಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ನನಗೆ ಆ ವಾದಕ್ಕಿಂತ, ಶಿಖರದಲ್ಲಿ ಏನಿದೆ ಎಂದು ನೋಡುವ ಅಭ್ಯಾಸ ಮುಖ್ಯವಾಯಿತು.

ಇದಕ್ಕೆ ಸ್ವಲ್ಪ ದುಡ್ಡು ಹಾಕುವುದು ಸಾರ್ಥಕ. ಗ್ರಾಂಟ್ ಹಾರ್ಡಿ ಸಂಪಾದಿಸಿದ ಓದುಗರ ಆವೃತ್ತಿ 2003ರಲ್ಲಿ, ಮ್ಯಾಕ್ಸ್‌ವೆಲ್ ಇನ್‌ಸ್ಟಿಟ್ಯೂಟ್‌ನ ಅಧ್ಯಯನ ಆವೃತ್ತಿ 2018ರಲ್ಲಿ ಬಂದವು. ಎರಡರಲ್ಲೂ ಮಾತು ಪ್ಯಾರಾಗಳಲ್ಲಿದೆ, ಪದ್ಯದ ಭಾಗ ಪದ್ಯದ ಸಾಲುಗಳಲ್ಲಿದೆ. ಒಂದನ್ನು ಕೊಂಡರೆ ಸಾಕು. ಈಗ ಅಷ್ಟು ದುಡ್ಡಿಲ್ಲವೆಂದರೆ ಚಿಂತೆ ಬೇಡ. ಒಂದು ಅಧ್ಯಾಯವನ್ನು ಸಂಖ್ಯೆ ಬಿಟ್ಟು ನೋಟ್‌ಬುಕ್ಕಿನಲ್ಲಿ ಕೈಯಾರೆ ನಕಲು ಮಾಡಿ. ಕೆಲಸ ನಿಧಾನ, ಆದರೆ ಎಲ್ಲಿ ಮಾತು ತಿರುಗುತ್ತದೆ ಎಂಬುದು ಬರೆಯುವ ಕೈಗೇ ಗೊತ್ತಾಗುತ್ತದೆ.

ಕನ್ನಡ ಸತ್ಯವೇದವನ್ನು ಪಕ್ಕದಲ್ಲಿಟ್ಟು

ಬೈಬಲಿನ ಹಿನ್ನೆಲೆಯಿಂದ ಬಂದವರಿಗೆ, ಇಂಗ್ಲಿಷಿಗಿಂತ ಕನ್ನಡ ಸತ್ಯವೇದ ಬಾಯಿಗೆ ಬರುವವರಿಗೆ ಈ ದಾರಿ. ಎರಡೂ ಕಡೆ ಇರುವ ಭಾಗಗಳನ್ನು ಅಕ್ಕಪಕ್ಕ ತೆರೆಯಿರಿ. ಎರಡನೇ ನೀಫೈ 12ರಿಂದ 24 ಎಂದರೆ ಯೆಶಾಯ 2ರಿಂದ 14. ಮೊಸಾಯ 14 ಎಂದರೆ ಯೆಶಾಯ 53. ಮೂರನೇ ನೀಫೈ 24, 25 ಎಂದರೆ ಮಲಾಕಿ 3, 4. ಮೂರನೇ ನೀಫೈ 12ರಿಂದ 14 ಎಂದರೆ ಮತ್ತಾಯ 5ರಿಂದ 7, ಪರ್ವತ ಪ್ರಸಂಗ.

ಇಂಗ್ಲಿಷಿನಲ್ಲಿ ಕಲ್ಲಿನಂತಿದ್ದ ಯೆಶಾಯ ಕನ್ನಡದಲ್ಲಿ ಕರಗುತ್ತಾನೆ. ಇನ್ನು ಪರ್ವತ ಪ್ರಸಂಗದಲ್ಲಿ ಎಲ್ಲಿ ಮಾತು ಬೇರೆಯಾಗುತ್ತದೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ. ಮತ್ತಾಯದಲ್ಲಿ ಆತ್ಮದಲ್ಲಿ ಬಡವರಾದವರು ಧನ್ಯರು. ಮೂರನೇ ನೀಫೈಯಲ್ಲಿ ‘ನನ್ನ ಬಳಿಗೆ ಬರುವ’ ಎಂಬ ಮಾತು ಸೇರುತ್ತದೆ. ಸಣ್ಣ ಸೇರ್ಪಡೆ. ಆದರೆ ಬಡತನವೇ ಧನ್ಯತೆಯಲ್ಲ, ಬಡವನು ಇಡುವ ಹೆಜ್ಜೆಯೂ ಬೇಕು ಎಂದಾಯಿತು. ಇಂಥ ಜಾಗಗಳಲ್ಲಿ ಒಂದು ವಾರ ಕಳೆಯಬಹುದು.

ಇದರ ಮಿತಿ ಸ್ಪಷ್ಟ. ಈ ರೀತಿ ಎರಡೂ ಕಡೆ ಸಿಗುವುದು ಗ್ರಂಥದ ಒಂದು ಭಾಗ ಮಾತ್ರ. ಆಲ್ಮ, ಹೀಲಮನ್, ಈಥರ್ ಓದುವಾಗ ಕನ್ನಡದ ಈ ಊರುಗೋಲು ಸಿಗುವುದಿಲ್ಲ.

ಕೇಳುವುದು, ಬಣ್ಣ ಹಚ್ಚುವುದು

ಮೆಟ್ರೋದಲ್ಲಿ, ಅಡುಗೆಮನೆಯಲ್ಲಿ ಆಡಿಯೋ ಕೇಳುವುದು ಒಳ್ಳೆಯದೇ. ಕಥೆ ಮರೆಯದ ಹಾಗೆ ಇಟ್ಟುಕೊಳ್ಳಲು ಸಾಕು. ಮಾರ್ಮನ್ ಗ್ರಂಥದ ಯಾಕೋಬ ಪುಸ್ತಕದ 5ನೇ ಅಧ್ಯಾಯ, ಅಂದರೆ ಆಲಿವ್ ತೋಟದ ದೃಷ್ಟಾಂತ ಕಥೆ, 77 ವಚನ ಉದ್ದ. ಕಣ್ಣಿಗಿಂತ ಕಿವಿಗೆ ಚೆನ್ನಾಗಿ ಹೋಗುತ್ತದೆ. ಮಾವಿಗೆ ಕಸಿ ಕಟ್ಟಿ ಗೊತ್ತಿರುವವರಂತೂ, ನನ್ನ ತೋಟಕ್ಕೆ ಇನ್ನೇನು ಮಾಡಬಹುದಿತ್ತು ಎಂದು ಒಡೆಯ ಅಳುವಲ್ಲಿ ನಿಂತುಬಿಡುತ್ತಾರೆ. ಆದರೆ ಅಧ್ಯಯನಕ್ಕೆ ಆಡಿಯೋ ಒಂದೇ ಸಾಲದು.

ಬಣ್ಣದ ವಿಷಯ. ನಾನು ಒಂದು ವರ್ಷ ಎಂಟು ಬಣ್ಣದ ಪದ್ಧತಿ ಹಿಡಿದಿದ್ದೆ. ನಂಬಿಕೆಗೆ ನೀಲಿ, ಪಶ್ಚಾತ್ತಾಪಕ್ಕೆ ಕೆಂಪು, ಹೀಗೆ. ಮೊಸಾಯಕ್ಕೆ ಬರುವಷ್ಟರಲ್ಲಿ ಪುಟದಲ್ಲಿ ಬಣ್ಣವಿಲ್ಲದ ಸಾಲೇ ಇರಲಿಲ್ಲ. ಈ ವಚನ ಯಾವ ಡಬ್ಬಿಗೆ ಸೇರಬೇಕು ಎಂದು ಯೋಚಿಸುತ್ತಿದ್ದೆನೇ ಹೊರತು ಅದು ನನಗೇನು ಹೇಳುತ್ತಿದೆ ಎಂದು ಕೇಳಲೇ ಇಲ್ಲ. ಮಕ್ಕಳಿಗೆ ಬಣ್ಣ ಇಷ್ಟವಾದರೆ ಬಿಡಿ, ಹಚ್ಚಲಿ. ದೊಡ್ಡವರಿಗೆ ಒಂದು ಪೆನ್ಸಿಲ್, ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಸಾಕು.

ಹಾಗಾದರೆ ನಿಮಗೆ ಯಾವುದು

ಮೊದಲ ಸಲ ಓದುವವರು ಬೇಗ ಓದಿ, ಅರ್ಥವಾಗದ್ದಕ್ಕೆ ನಿಲ್ಲಬೇಡಿ. ಪುಟ್ಟ ಮಕ್ಕಳಿರುವ ಮನೆಯವರು ವಾರದ ಪಾಠವನ್ನೇ ಹಿಡಿಯಿರಿ, ಸ್ವಂತಕ್ಕೆ ದಿನಕ್ಕೊಂದು ವಚನ ಇಟ್ಟುಕೊಳ್ಳಿ. ಈಗ ಒಂದು ಸಂಕಟದಲ್ಲಿದ್ದೀರಿ ಎಂದಾದರೆ ಪ್ರಶ್ನೆ ಹಿಡಿದು ಹುಡುಕಿ. ಆದರೆ ಐದು ವಚನದ ಮೇಲೆ ಹೋಗಬೇಡಿ. ಓದಿ ಓದಿ ಮನಸ್ಸು ಒಣಗಿದೆ ಎನ್ನುವವರು ಒಂದೇ ವಚನದ ಹತ್ತಿರ ಕೂತುಕೊಳ್ಳಿ. ಪುಸ್ತಕ ಪ್ರೀತಿಯವರು, ಪ್ರಶ್ನೆ ಕೇಳುವ ಸ್ವಭಾವದವರು ಬರೆದವನ ಕೈ ಹುಡುಕಿ.

ಒಂದೇ ದೃಶ್ಯ ಇಬ್ಬರಿಗೆ ಬೇರೆ ಬೇರೆಯಾಗಿ ಕಾಣುವುದು ಗ್ರಂಥದೊಳಗೇ ಇದೆ. ಲೀಹೈ ಕಂಡ ಜೀವದ ಮರದ ದರ್ಶನವನ್ನು ಮಗ ನೀಫೈಯೂ ಕಾಣುತ್ತಾನೆ. ಪಕ್ಕದ ನದಿಯ ನೀರು ಹೊಲಸಾಗಿತ್ತು, ಅಪ್ಪನ ಮನಸ್ಸು ಬೇರೆಯದರಲ್ಲಿ ಮುಳುಗಿದ್ದರಿಂದ ಅವರಿಗೆ ಅದು ಕಾಣಲಿಲ್ಲ ಎಂದು ಮೊದಲನೇ ನೀಫೈ 15ರಲ್ಲಿ ಹೇಳುತ್ತಾನೆ. ಅಪ್ಪ ನೋಡಿದ್ದು ತಪ್ಪಲ್ಲ. ಅವರು ಮನೆಯವರಿಗಾಗಿ ಹುಡುಕುತ್ತಿದ್ದರು. ನಿಮ್ಮ ಗೆಳತಿಗೆ ಕಂಡದ್ದು ನಿಮಗೆ ಕಾಣದಿದ್ದರೆ ನೊಂದುಕೊಳ್ಳಬೇಡಿ.

ಇನ್ನೂ ತೀರ್ಮಾನ ಆಗದವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಗ್ರಂಥದೊಳಗಿನ ಈನಸ್ ಪುಸ್ತಕ ತೆಗೆಯಿರಿ. ಒಂದೇ ಅಧ್ಯಾಯ, 27 ವಚನ. ಮೊದಲ ದಿನ ಒಂದೇ ಸಲಕ್ಕೆ ಓದಿ ಮುಗಿಸಿ, ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಎರಡನೇ ದಿನ ಎರಡನೇ ವಚನದಲ್ಲಿ ಮಾತ್ರ ಕೂತುಕೊಳ್ಳಿ. ದೇವರ ಮುಂದೆ ತಾನು ಮಾಡಿದ್ದನ್ನು ಈನಸ್ ಕುಸ್ತಿ ಎನ್ನುತ್ತಾನೆ. ಆದಿಕಾಂಡ 32ರಲ್ಲಿ ರಾತ್ರಿಯಿಡೀ ಕುಸ್ತಿ ಹಿಡಿದವನ ಹೆಸರು ಯಾಕೋಬ, ಈನಸ್‌ನ ಅಪ್ಪನ ಹೆಸರೂ ಯಾಕೋಬ. ಪ್ರಾರ್ಥನೆಯನ್ನು ಕುಸ್ತಿ ಎನ್ನುವುದು ಯಾಕೆ? ಮೂರನೇ ದಿನ ಅವನು ಯಾರಿಗಾಗಿ ಬೇಡುತ್ತಾನೆ ಎಂದು ಗುರುತು ಮಾಡುತ್ತಾ ಹೋಗಿ. ಮೊದಲು ತನಗಾಗಿ, ಆಮೇಲೆ ತನ್ನ ಜನಕ್ಕಾಗಿ, ಆಮೇಲೆ ತನ್ನ ಜನರ ಶತ್ರುಗಳಿಗಾಗಿ. ನಾಲ್ಕನೇ ದಿನ ನಿಮ್ಮದೇ ಒಂದು ಪ್ರಶ್ನೆ ಇಟ್ಟುಕೊಂಡು ಅದೇ 27 ವಚನ ಓದಿ.

ಐದನೇ ದಿನ ನೋಟ್‌ಬುಕ್ ತೆರೆಯಿರಿ. ಯಾವ ದಿನದ ಪುಟ ಜಾಸ್ತಿ ತುಂಬಿದೆಯೋ ಆ ದಾರಿಯಲ್ಲೇ ಮುಂದಿನ ಮೂರು ತಿಂಗಳು ನಡೆಯಿರಿ.